ಸ್ಯಾನ್ ಡಿಯೇಗೋದಿಂದ ಟಿಹುವಾನಾಗೆ ನಡೆದುಕೊಂಡು ಒಂದು ದಿನ: ವೀಸಾ ಸ್ಟಾಂಪ್ ಮುಗಿದಿದ್ದರೆ ಹೋಗಬಹುದಾ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಸ್ಯಾನ್ ಡಿಯೇಗೋಗೆ ಹೋಗುತ್ತಿದ್ದೇವೆ. ಅಪ್ಪ ಅಮ್ಮ ಬಂದಿದ್ದಾರೆ, ಇಬ್ಬರದೂ ಬಿ-2 ಪ್ರವಾಸಿ ವೀಸಾ. ಹೆಂಡತಿಯದು ಎಚ್-4 (ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ), ಹೋದ ವರ್ಷ ಇಂಡಿಯಾಗೆ ಹೋಗಿದ್ದಾಗ ಹೊಸ ಸ್ಟಾಂಪ್ ಹಾಕಿಸಿಕೊಂಡಳು. ನನ್ನದು ಕೆಲಸದ ವೀಸಾ, ಎಚ್-1ಬಿ. ಪಾಸ್‌ಪೋರ್ಟಿನಲ್ಲಿರುವ ಸ್ಟಾಂಪ್ ಮುಗಿದಿದೆ, ಆದರೆ ಎಕ್ಸ್‌ಟೆನ್ಷನ್ ಆಗಿ ಅದರ ಮಂಜೂರಾತಿ ಪತ್ರ ಐ-797 ಕೈಯಲ್ಲಿದೆ. ಐ-94ಕ್ಕೂ (ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನುವ ದಾಖಲೆ) ಇನ್ನೂ ಟೈಮ್ ಇದೆ.

ಮೆಕ್ಸಿಕೋದ ಟಿಹುವಾನಾಗೆ ಗಡಿ ನಡೆದು ದಾಟಬೇಕು ಅಂತ ಅಪ್ಪನಿಗೆ ಒಂದೇ ಹಟ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕು. ಆಫೀಸಿನಲ್ಲಿ ಒಬ್ಬರು "ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಇದೆಯಲ್ಲ, ಆರಾಮಾಗಿ ಹೋಗಿ" ಅಂದರು. ಇನ್ನೊಬ್ಬರು "ತಲೆ ಕೆಟ್ಟಿದೆಯಾ?" ಅಂದರು. ಯಾರನ್ನು ನಂಬಲಿ? ಅಮ್ಮನಿಗೆ ಮಂಡಿ ನೋವು ಬೇರೆ, ನಾವೆಲ್ಲ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಗಡಿಪಕ್ಕದವಳು:

ನಾನಿರುವುದು ಚೂಲಾ ವಿಸ್ತಾದಲ್ಲಿ. ಇಲ್ಲಿಂದ ಗಡಿ ಕೂಗಳತೆ ದೂರ. ಮನೆಗೆ ಬರುವ ನೆಂಟರೆಲ್ಲ ಟಿಹುವಾನಾ ತೋರಿಸು ಅನ್ನುತ್ತಾರೆ, ಹಾಗಾಗಿ ಈ ಪ್ರಶ್ನೆ ನನಗೆ ಬಾಯಿಪಾಠ.

ನಿಮ್ಮ ಆಫೀಸಿನವರು ಇಬ್ಬರೂ ಅರ್ಧರ್ಧ ಸರಿ. ರೀವ್ಯಾಲಿಡೇಶನ್ ಅನ್ನುವುದು ಅಮೆರಿಕದ ನಿಯಮ. ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ವಾಪಸ್ ಬಂದರೆ, ಐ-94 ಚಾಲ್ತಿಯಲ್ಲಿದ್ದರೆ, ಈ ನಡುವೆ ಹೊಸ ವೀಸಾಗೆ ಅರ್ಜಿ ಹಾಕಿಲ್ಲದಿದ್ದರೆ, ಮುಗಿದ ಸ್ಟಾಂಪಿನ ಮೇಲೂ ನಿಮ್ಮನ್ನು ಒಳಗೆ ಬಿಡಲು ಅವಕಾಶ ಇದೆ. ಸರಿ, ವಾಪಸ್ ಬರುವ ದಾರಿ ಆಯಿತು. ಹೋಗುವ ದಾರಿ? ಮೆಕ್ಸಿಕೋದವರು ಮೊದಲು ನಿಮ್ಮನ್ನು ಬಿಟ್ಟುಕೊಳ್ಳಬೇಕಲ್ಲ! ನಮ್ಮ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಬೇಕು. ಅಮೆರಿಕದ ಸ್ಟಾಂಪ್ ಚಾಲ್ತಿಯಲ್ಲಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಅದು ಬೇಡ. ನಿಮ್ಮ ಹತ್ತಿರ ಎರಡೂ ಇಲ್ಲ. ಐ-797 ಅವರ ಲೆಕ್ಕದಲ್ಲಿ ವೀಸಾ ಅಲ್ಲ. ಅಂದರೆ ಅಪ್ಪ, ಅಮ್ಮ, ಹೆಂಡತಿ ಮೂವರೂ ಹೋಗಬಹುದು. ನೀವು ಮೊದಲು ಮೆಕ್ಸಿಕೋ ಕಾನ್ಸುಲೇಟಿನಲ್ಲಿ ವೀಸಾ ಮಾಡಿಸಬೇಕು. "ಹೋಗುವಾಗ ಯಾರೂ ನೋಡುವುದಿಲ್ಲ ಬಿಡಿ" ಅನ್ನುವವರ ಮಾತು ಕೇಳಬೇಡಿ. ನಡೆದು ದಾಟುವವರನ್ನು ಕೌಂಟರಿಗೆ ಕರೆದು ಪಾಸ್‌ಪೋರ್ಟ್ ನೋಡುತ್ತಾರೆ.

ಇನ್ನು ಹೋಗುವುದು ಹೇಗೆ. ಸ್ಯಾನ್ ಡಿಯೇಗೋದಲ್ಲಿ ಬ್ಲೂ ಲೈನ್ ಟ್ರಾಲಿ (ನಗರದ ರೈಲು) ಹತ್ತಿ, ಕೊನೆಯ ಸ್ಟಾಪ್ ಸ್ಯಾನ್ ಇಸಿಡ್ರೋ. ಇಳಿದ ಮೇಲೆ ಎಲ್ಲರೂ ಹೋಗುವ ಕಡೆ ಹೋದರಾಯಿತು. ಅಮೆರಿಕ ಮುಗಿದಿದ್ದೇ ಗೊತ್ತಾಗುವುದಿಲ್ಲ. ಮೆಕ್ಸಿಕೋ ಕಡೆ ವಿದೇಶಿಯರ ಸಾಲಿನಲ್ಲಿ ನಿಂತು ಪಾಸ್‌ಪೋರ್ಟ್ ಕೊಡಿ. ಏಳು ದಿನದೊಳಗಿನ ಭೇಟಿ ಅಂತ ಹೇಳಿ, ಅದಕ್ಕೆ ಶುಲ್ಕ ಇಲ್ಲ. ಫಾರಂ ಕೊಟ್ಟರೆ ಅದನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ.

ಅಲ್ಲಿಂದ ಅವೆನಿಡಾ ರೆವಲೂಸಿಯೋನ್ ರಸ್ತೆಗೆ ಇಪ್ಪತ್ತು-ಇಪ್ಪತ್ತೈದು ನಿಮಿಷದ ನಡಿಗೆ. ದೊಡ್ಡ ಕಮಾನು ಕಾಣುತ್ತದೆ, ಅದನ್ನೇ ನೋಡಿಕೊಂಡು ಹೋಗಿ. ದಾರಿಯಲ್ಲಿ ಟಿಹುವಾನಾ ನದಿಯ ಮೇಲೆ ಕಾಲುಸೇತುವೆ ಇದೆ. ನದಿ ಅಂದರೆ ಹೆಸರಿಗೆ ಮಾತ್ರ, ಅಗಲವಾದ ಕಾಂಕ್ರೀಟ್ ಕಾಲುವೆ. ಅಮ್ಮನಿಗೆ ಈ ನಡಿಗೆ ಬೇಡ. ಊಬರ್ ಸಿಗುತ್ತದೆ, ಗಡಿ ದಾಟಿದ ಕೂಡಲೇ ಹತ್ತಿಸಿ. ಅಪ್ಪನಿಗೆ ಬೇಕಾಗಿರುವುದು ಗಡಿ ನಡೆದು ದಾಟುವುದು ಅಲ್ವಾ? ಅದು ಆಯಿತಲ್ಲ.

ರೆವಲೂಸಿಯೋನ್‌ನಲ್ಲಿ ಪಟ್ಟೆ ಬಳಿದ ಕತ್ತೆಗಳನ್ನು ಗಾಡಿಗೆ ಕಟ್ಟಿ ನಿಲ್ಲಿಸಿರುತ್ತಾರೆ. ಕಪ್ಪು-ಬಿಳುಪು ಫೋಟೋಗಳ ಕಾಲದಲ್ಲಿ ಬಿಳಿ ಕತ್ತೆ ಎದ್ದು ಕಾಣಲಿ ಅಂತ ಜೀಬ್ರಾ ಪಟ್ಟೆ ಬಳಿಯುವುದು ಶುರುವಾಯಿತಂತೆ. ನನಗಂತೂ ಆ ಕತ್ತೆ ನೋಡಿದರೆ ಪಾಪ ಅನ್ನಿಸುತ್ತದೆ. ಫೋಟೋ ಬೇಕಾದರೆ ಮೊದಲೇ ರೇಟು ಮಾತಾಡಿ.

ಊಟಕ್ಕೆ ಅದೇ ರಸ್ತೆಯ ಸೀಸರ್ಸ್. ಪ್ರಪಂಚವೆಲ್ಲ ತಿನ್ನುವ ಸೀಸರ್ ಸಲಾಡ್ ಹುಟ್ಟಿದ್ದು ಇಟಲಿಯಿಂದ ವಲಸೆ ಬಂದ ಸೀಸರ್ ಕಾರ್ದಿನಿಯ ಹೋಟೆಲಿನಲ್ಲಿ, 1924ರಲ್ಲಿ ಅನ್ನುತ್ತಾರೆ. ಆಗ ಅಮೆರಿಕದಲ್ಲಿ ಪಾನನಿಷೇಧ, ಕುಡಿಯಲು ಜನ ಗಡಿ ದಾಟಿ ಇಲ್ಲಿಗೇ ಬರುತ್ತಿದ್ದರು. ಈಗಲೂ ಸಲಾಡನ್ನು ನಿಮ್ಮ ಟೇಬಲ್ ಪಕ್ಕದಲ್ಲೇ ಮಾಡುತ್ತಾರೆ. ದೊಡ್ಡ ಮರದ ಬೋಗುಣಿ. ಅದರಲ್ಲಿ ಬೆಳ್ಳುಳ್ಳಿ, ಸಾಸಿವೆ, ನಿಂಬೆರಸ, ಚೀಸ್ ಹಾಕಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ತಿರುವುತ್ತಾರೆ. ಗಟ್ಟಿಯಾದ ಮೇಲೆ ಸೊಪ್ಪನ್ನು ಕತ್ತರಿಸದೆ ಎಲೆ ಎಲೆಯಾಗಿಯೇ ಹೊರಳಿಸಿ ತಟ್ಟೆಗೆ ಹಾಕುತ್ತಾರೆ. ನೋಡುವುದಕ್ಕೆ ಚೆಂದ, ಆದರೆ ಅದಕ್ಕೆ ಮೀನೂ ಮೊಟ್ಟೆಯ ಹಳದಿಯೂ ಬೀಳುತ್ತದೆ. ಹಾಗಾಗಿ ನಿಮ್ಮವರು ನೋಡಿ ಸಂತೋಷಪಡಬೇಕು ಅಷ್ಟೇ. ಬೇರೆ ಕಡೆ ಬೀನ್ಸ್ ತಿನ್ನುವ ಮೊದಲು "ಸಿನ್ ಮಾಂತೇಕಾ?" ಅಂತ ಕೇಳಿ. ಹಂದಿ ಕೊಬ್ಬಿನಲ್ಲಿ ಬೇಯಿಸುವುದು ಜಾಸ್ತಿ. ಚೀಸ್ ಹಾಕಿದ ಕೇಸದಿಯಾಗೂ ಅದನ್ನೇ ಕೇಳಿ, ಅದರ ಮೈದಾ ರೊಟ್ಟಿಗೂ ಹಂದಿ ಕೊಬ್ಬು ಹಾಕುವುದುಂಟು.

ಟೈಮ್ ಇದ್ದರೆ ಸೋನಾ ರಿಯೋ ಕಡೆ ಹೋಗಿ. 1982ರಲ್ಲಿ ಶುರುವಾದ ಸೆಕೂಟ್ ಸಾಂಸ್ಕೃತಿಕ ಕೇಂದ್ರ ಅಲ್ಲಿದೆ, ದೊಡ್ಡ ಚೆಂಡಿನ ಆಕಾರದ ಕಟ್ಟಡ. ಹತ್ತಿರದಲ್ಲೇ ಮೆರ್ಕಾದೋ ಇದಾಲ್ಗೋ ಮಾರುಕಟ್ಟೆ. ಒಣಮೆಣಸಿನಕಾಯಿ ರಾಶಿ, ಹುಣಸೆ ಮಿಠಾಯಿ ನೋಡಿದರೆ ಅಮ್ಮ ಅಲ್ಲಿಂದ ಏಳುವುದಿಲ್ಲ. ಹಣ್ಣು ಮಾತ್ರ ಅಲ್ಲೇ ತಿಂದು ಮುಗಿಸಿ. ತಂದರೆ ಗಡಿಯಲ್ಲಿ ಹೇಳಲೇಬೇಕು, ಸಾಮಾನ್ಯವಾಗಿ ಕಸದ ಬುಟ್ಟಿಗೇ ಹೋಗುತ್ತದೆ. ಕಮಾನಿನ ಆಸುಪಾಸಿನಲ್ಲೇ ಇರುವ ಸೋನಾ ನಾರ್ತೆ ಕಡೆ ಕಾಲಿಡಬೇಡಿ, ಹಿರಿಯರ ಜೊತೆ ಹೋಗುವ ಬೀದಿ ಅಲ್ಲ.

ಈಗ ಅಸಲಿ ವಿಷಯ. ಹೋಗುವುದು ಸಲೀಸು, ಬರುವುದೇ ಕೆಲಸ. ಇಡೀ ದಿನದ ಪ್ಲಾನನ್ನು ವಾಪಸ್ ಬರುವ ಸಾಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಶನಿವಾರ, ಭಾನುವಾರ, ರಜಾ ದಿನಗಳ ಸಂಜೆ ಬೇಡವೇ ಬೇಡ. ವಾರದ ನಡುವೆ ಹೋಗಿ, ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೆ ಹೊರಡಿ. ಗಡಿ ಇಲಾಖೆಯ ವೇಯ್ಟ್ ಟೈಮ್ ಆ್ಯಪ್‌ನಲ್ಲಿ ನಡೆಯುವವರ ಸಾಲಿನ ಕಾಯುವ ಸಮಯ ಬೇರೆಯಾಗಿ ತೋರಿಸುತ್ತದೆ, ಊಟ ಮಾಡುವಾಗಲೇ ನೋಡಿಕೊಳ್ಳಿ. ಸಾಲಿಗೆ ನಿಲ್ಲುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ. ಅದಕ್ಕೆ ಚಿಲ್ಲರೆ ಪೆಸೊ ಬೇಕು, ಡಾಲರ್ ನೋಟು ಹಿಡಿದುಕೊಂಡು ನಿಂತರೆ ಕಷ್ಟ. ಅಮ್ಮನಿಗೆ ಮಡಚುವ ಸ್ಟೂಲ್ ಒಂದು ಇಟ್ಟುಕೊಳ್ಳಿ. ನಾಚಿಕೆ ಪಡಬೇಡಿ.

ಕಾಗದಪ್ರೇಮಿ:

ಮೇಲಿನವರು ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ. ಒಂದು, ಯಾರದ್ದಾದರೂ ಚೇಂಜ್ ಆಫ್ ಸ್ಟೇಟಸ್ (ಅಮೆರಿಕದಲ್ಲಿದ್ದುಕೊಂಡೇ ವೀಸಾ ವರ್ಗ ಬದಲಿಸುವ) ಅರ್ಜಿ ಬಾಕಿ ಇದ್ದರೆ ಗಡಿ ದಾಟಬೇಡಿ, ಅರ್ಜಿ ಕೈಬಿಟ್ಟ ಹಾಗಾಗುತ್ತದೆ. ಒಂದು ಗಂಟೆ ಹೋಗಿ ಬಂದರೂ ಅಷ್ಟೇ. ಇನ್ನೊಂದು, ಮೆಕ್ಸಿಕೋಗೆ ಹೋಗಿ ಬಂದರೆ ಅಪ್ಪ ಅಮ್ಮನಿಗೆ ಮತ್ತೆ ಆರು ತಿಂಗಳು ಸಿಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಅದನ್ನು ನಂಬಿಕೊಂಡು ಟಿಕೆಟ್ ಮುಂದೂಡಬೇಡಿ. ಇಂಥ ಸಣ್ಣ ಭೇಟಿಗೆ ಸಾಮಾನ್ಯವಾಗಿ ಇರುವ ಐ-94ರಲ್ಲೇ ಒಳಗೆ ಬಿಡುತ್ತಾರೆ, ತಾರೀಖು ಹಳೆಯದೇ.

ದಾರಿಹೋಕ:

ತುಂಬಾ ಥ್ಯಾಂಕ್ಸ್. ನಾನು ಬರಲಾಗುವುದಿಲ್ಲ ಅಂತ ಅಪ್ಪನಿಗೆ ಹೇಳಿದೆ. "ಪರವಾಗಿಲ್ಲ ಬಿಡು, ದುಡ್ಡು ಕೊಟ್ಟು ಕಳಿಸು" ಅಂದರು. ಲಾಸ್ ಏಂಜಲೀಸ್‌ನಲ್ಲಿರುವ ಭಾವ ಜೊತೆಗೆ ಹೋಗುತ್ತಾರೆ, ಅವರದು ಗ್ರೀನ್ ಕಾರ್ಡ್. ಅವರಿಗೆ ಬೇರೆ ಸಾಲು ಇದೆಯಂತೆ, ಇವರನ್ನೂ ಅದರಲ್ಲೇ ಕರೆದುಕೊಂಡು ಬರಬಹುದಾ?

ಗಡಿಪಕ್ಕದವಳು:

ಇಲ್ಲ. ಅದು ರೆಡಿ ಲೇನ್, ಚಿಪ್ ಇರುವ ಕಾರ್ಡಿನವರಿಗೆ ಮಾತ್ರ. ವೀಸಾದವರು ಸಾಮಾನ್ಯ ಸಾಲಿನಲ್ಲೇ ನಿಲ್ಲಬೇಕು. ಭಾವ ಬೇಗ ಬಂದು ಈ ಕಡೆ ಕಾಯುವ ಬದಲು ಅವರ ಜೊತೆಯಲ್ಲೇ ನಿಲ್ಲಲಿ. ಪಾಸ್‌ಪೋರ್ಟ್ ಮಾತ್ರ ಅವರವರ ಕೈಯಲ್ಲೇ ಇರಲಿ, ಎಲ್ಲವನ್ನೂ ಭಾವನ ಚೀಲಕ್ಕೆ ಹಾಕಬೇಡಿ. ಆಫೀಸರ್ ಎಲ್ಲಿಗೆ ಹೋಗಿದ್ದಿರಿ, ಏನು ತಂದಿರಿ ಅಂತ ಕೇಳುತ್ತಾರೆ, ಅಪ್ಪ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರೆ ಸಾಕು. ನೀವು ಟ್ರಾಲಿ ಸ್ಟೇಷನ್ ಹತ್ತಿರ ಕಾಯಿರಿ, ಅವರು ಹೊರಗೆ ಬರುವುದು ಅಲ್ಲಿಗೇ. ಫೋನಿನಲ್ಲಿ ಮೆಕ್ಸಿಕೋ ರೋಮಿಂಗ್ ಇದೆಯಾ ಅಂತ ಇವತ್ತೇ ನೋಡಿಬಿಡಿ.