ಚೌತಿಗೆ ಊರಿಗೆ ಹೋಗಬೇಕು, ಊಟ ಮತ್ತು ಗದ್ದಲ ಹೇಗೆ ನಿಭಾಯಿಸೋದು?

ಶಿರಸಿ ಹುಡುಗಿ:
ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಬೆಂಗಳೂರಿನಲ್ಲಿ ಒಬ್ಬಳೇ ಇದ್ದೇನೆ, ದಿನಾ ಅದೇ ದೋಸೆ, ಅದೇ ಮೊಸರನ್ನ, ತೊಂದರೆ ಇಲ್ಲ. ಚೌತಿಗೆ ಊರಿಗೆ ಹೋದರೆ ಕಷ್ಟ ಶುರು. ಅರಿಶಿನ ಎಲೆ ಕಡುಬು ಬೇಯುವ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತದೆ. ಬಾಳೆಎಲೆಯಲ್ಲಿ ಪಾಯಸ ಹರಿದು ಪಲ್ಯಕ್ಕೆ ತಾಗಿದರೆ ಮುಗಿಯಿತು, ಮತ್ತೆ ತುತ್ತು ಇಳಿಯುವುದಿಲ್ಲ, ಅಷ್ಟರಲ್ಲಿ ದೊಡ್ಡಪ್ಪ "ಅವಳಿಗೆ ಇನ್ನೊಂದು ಹಾಕು" ಅಂತ ಕೂಗುತ್ತಿರುತ್ತಾರೆ. ಮೇಲೆ ಜಾಗಟೆ, ಪಟಾಕಿ. ನಮ್ಮ ಕಡೆ ಚೌತಿಗೇ ಪಟಾಕಿ ಜಾಸ್ತಿ ಅಲ್ವಾ. ಹಬ್ಬ ಬಿಡಲು ಮನಸ್ಸಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಸಿದ್ದಾಪುರದವ:
ಬಡಿಸುವ ಕೆಲಸ ಹಿಡಿಯಿರಿ. ನನಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಸುಮ್ನೆ ಪಂಕ್ತಿಯಲ್ಲಿ ಕೂರಲು ಆಗುವುದಿಲ್ಲ. ಬಡಿಸುವವರು ಕೊನೆ ಪಂಕ್ತಿಗೆ ಉಣ್ಣುತ್ತಾರೆ, ಆಗ ಗಲಾಟೆ ಕಡಿಮೆ, ಒತ್ತಾಯ ಮಾಡುವವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಮಲಗಿರುತ್ತಾರೆ. ಬೇಕಾದ್ದನ್ನು ಬೇಕಾದಷ್ಟೇ ಹಾಕಿಕೊಳ್ಳಬಹುದು. ನಿಮಗೆ ವಾಸನೆ ಆಗದಿದ್ದರೆ ಹುಳಿ, ಪಾಯಸ ಹಿಡಿಯಬೇಡಿ, ನೀರು, ಉಪ್ಪು, ಉಪ್ಪಿನಕಾಯಿ ಸಾಕು.

ಕುಮಟಾದ ಅಮ್ಮ:
ಕೊನೆ ಪಂಕ್ತಿ ಎಲ್ಲರಿಗೂ ಸರಿಹೋಗುವುದಿಲ್ಲ ಮಾರಾಯ್ರೆ. ಆಟಿಸಂ ಇರುವ ಕೆಲವರಿಗೆ ಹಸಿವೇ ಸರಿಯಾಗಿ ಗೊತ್ತಾಗುವುದಿಲ್ಲ. ಮೂರು ಗಂಟೆಗೆ ಊಟ ಅಂದರೆ ಅಷ್ಟರೊಳಗೆ ತಲೆನೋವು, ಸಿಟ್ಟು, ಅಳು. ನನ್ನ ಮಗನಿಗೆ ಬೆಳಿಗ್ಗೆಯೇ ಮನೆಯಲ್ಲಿ ಹೊಟ್ಟೆ ತುಂಬಾ ಕೊಟ್ಟು ಕರೆದುಕೊಂಡು ಹೋಗುತ್ತೇನೆ. ಮೂರು ಖಾನೆಯ ಸ್ಟೀಲ್ ತಟ್ಟೆ ನಮ್ಮದೇ. ಚಕ್ಕುಲಿ ಅವನಿಗೆ ಆಗುತ್ತದೆ, ಯಾಕೆಂದರೆ ಪ್ರತಿ ತುಂಡೂ ಒಂದೇ ಥರ ಕರುಂ ಅನ್ನುತ್ತದೆ. ಚೌತಿಯಲ್ಲಿ ಅದಕ್ಕಂತೂ ಬರ ಇಲ್ಲ! ಒಂದು ಮಾತು, ತಿನ್ನದ್ದನ್ನು ಅನ್ನದಲ್ಲಿ ಅಡಗಿಸಿ ಕೊಡುವವರಿರುತ್ತಾರೆ, ಹಾಗೆ ಮಾಡಲು ಬಿಡಬೇಡಿ. ಗೊತ್ತಾದರೆ ಮಕ್ಕಳು ಅನ್ನವನ್ನೂ ಬಿಡುತ್ತಾರೆ. ಇದು ಹಟ ಅಲ್ಲ. ಕೆಲವೇ ಪದಾರ್ಥ ಬಿಟ್ಟು ಬೇರೆ ತಿನ್ನಲಾಗದ ತೊಂದರೆ ತೀವ್ರವಾದರೆ ಅದಕ್ಕೆ 2013ರಿಂದ ಡಾಕ್ಟರುಗಳ ಪುಸ್ತಕದಲ್ಲೇ ಆರ್ಫಿಡ್ ಅಂತ ಹೆಸರಿದೆ. ತಿನ್ನುವ ಪದಾರ್ಥ ಕಡಿಮೆಯಾಗುತ್ತಾ ತೂಕವೂ ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು.

ಕಾರವಾರಿ:
ಊಟದ ಬಗ್ಗೆ ಅವರೇ ಹೇಳಿದ್ದಾರೆ, ನಾನು ಸದ್ದಿನ ಬಗ್ಗೆ. ಫೋಮ್ ಇಯರ್‌ಪ್ಲಗ್ ಹಾಕಿ ಮೇಲಿಂದ ದೊಡ್ಡ ಹೆಡ್‌ಫೋನ್. ಮಂಗಳಾರತಿ ಶುರುವಾಗುವ ಮೊದಲೇ ಹಾಕಿ, ಜಾಗಟೆ ಬಡಿದ ಮೇಲೆ ಹುಡುಕಿದರೆ ಪ್ರಯೋಜನ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮ ಇದೆ. ಆದರೆ ಹಬ್ಬಗಳಿಗೆ ವರ್ಷಕ್ಕೆ 15 ದಿನದವರೆಗೆ ರಾತ್ರಿ 12ರ ತನಕ ಸರ್ಕಾರ ಬಿಡಬಹುದು, ಹಾಗಾಗಿ ಅದನ್ನು ನಂಬಿ ಕೂರಬೇಡಿ. ಮಾಳಿಗೆಯಲ್ಲೋ ಹಿತ್ತಿಲ ಕಡೆಯಲ್ಲೋ ಒಂದು ಕೋಣೆ ಮೊದಲೇ ಕೇಳಿಟ್ಟುಕೊಳ್ಳಿ. ಕಾರಣ ಎಲ್ಲರಿಗೂ ಬಿಡಿಸಿ ಹೇಳುವುದೇನೂ ಬೇಡ, ತಲೆನೋವು ಅಂದರೆ ಸಾಕು.

ಶಿರಸಿ ಹುಡುಗಿ:
ತಲೆನೋವು ಅಂದರೆ ನಮ್ಮ ಮನೆಯಲ್ಲಿ ನಾಲ್ಕು ಜನ ಕಷಾಯ ಹಿಡಿದುಕೊಂಡು ಬರುತ್ತಾರೆ :) ಆಯಿಗೆ ನಿಜ ಹೇಳಿ, ದೊಡ್ಡಪ್ಪನನ್ನು ಅವಳೇ ನೋಡಿಕೊಳ್ಳಲಿ ಅನ್ನುತ್ತೇನೆ. ಖಾನೆ ತಟ್ಟೆ ಇವತ್ತೇ ತರುತ್ತೇನೆ. ನೀರು ಬಡಿಸುವುದೂ ಆಗಬಹುದು, ಮೊದಲು ಎರಡು ದೋಸೆ ತಿಂದುಕೊಂಡು.