ಅಪ್‌ಡೇಟ್: ಅಮ್ಮನಿಗೆ ಡೊಂಬಿವಲಿಯಲ್ಲೇ ಮನೋವೈದ್ಯರು ಸಿಕ್ಕರು

ಮೂರು ವಾರದ ಹಿಂದೆ ಕೇಳಿದ್ದೆ, ನೆನಪಿದೆಯಾ? ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಮುಂಬೈ ಪಕ್ಕದ ಡೊಂಬಿವಲಿ ಹತ್ತಿರ ಮನೋವೈದ್ಯರು ಯಾರಿದ್ದಾರೆ ಅಂತ.

ಆನ್‌ಲೈನ್ ಪಟ್ಟಿ ನೋಡಿ ಫೋನ್ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ. ಮೊದಲು ಹೋದ ಕಡೆ ಇದ್ದವರು ಕೌನ್ಸೆಲರ್, ಅವರು ಔಷಧಿ ಬರೆಯುವಂತಿಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಈ ವಿಷಯದಲ್ಲೇ ಮುಂದೆ ಓದಿದ ಡಾಕ್ಟರು. ಈ ವ್ಯತ್ಯಾಸ ನನಗೆ ಗೊತ್ತೇ ಇರಲಿಲ್ಲ.

ಕೆಲಸ ಮಾಡಿದ್ದು 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. ಅಮ್ಮ ಫೋನಿನಲ್ಲೇ ಅತ್ತುಬಿಟ್ಟಳು, ಅಪ್ಪ ಹೋದ ಮೇಲೆ ಅದೇ ಮೊದಲು. ಸಹಾಯವಾಣಿಯವರು ಮನೋವೈದ್ಯರನ್ನೇ ನೋಡಿ ಅಂದರು. ನಮ್ಮ ಫ್ಯಾಮಿಲಿ ಡಾಕ್ಟರು ಡೊಂಬಿವಲಿಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಅವರಿಗೆ ಕನ್ನಡ ಬರುವುದಿಲ್ಲ, ನಾನೇ ಪಕ್ಕದಲ್ಲಿ ಕೂತು ಹಿಂದಿಯಲ್ಲಿ ಹೇಳಿದೆ.

ಆಶ್ಚರ್ಯ ಆಗಿದ್ದು, ಅವರು ಮೊದಲು ಥೈರಾಯ್ಡ್, ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿದ್ದು. ಅವು ಕಮ್ಮಿಯಾದರೂ ಮನಸ್ಸು ಕುಗ್ಗುತ್ತದಂತೆ. ಆಮೇಲೆ ಸಣ್ಣ ಡೋಸ್ ಮಾತ್ರೆ ಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ಕೇಳದೆ ನಿಲ್ಲಿಸಬೇಡಿ ಅಂದರು.

ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೆ ನಿನ್ನೆ ಅಮ್ಮ ತಾನಾಗಿಯೇ ಸಾರಿಗೆ ಒಗ್ಗರಣೆ ಹಾಕಿದಳು.