ಭುಜ ಪದೇ ಪದೇ ಕೀಲು ತಪ್ಪಿದರೆ ಯಾವ ಆಪರೇಷನ್?

ಪ್ರಶ್ನೆ: ಕೀಹೋಲ್ (ಸಣ್ಣ ರಂಧ್ರದ ಮೂಲಕ ಮಾಡುವ) ಹೊಲಿಗೆ ಸಾಕೇ, ಲಟಾರ್ಜೆ ಎಂಬ ಮೂಳೆ ಜೋಡಿಸುವ ಆಪರೇಷನ್ ಬೇಕೇ? ಸ್ಲಿಂಗ್ (ಕೈ ತೂಗುಪಟ್ಟಿ) ಎಷ್ಟು ವಾರ?

ಉತ್ತರ 1: ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ತೋಳಿನ ಮೂಳೆಯ ತಲೆ ಕೂರುವ ಗುಳಿಯ ಮೂಳೆ ಎಷ್ಟು ಸವೆದಿದೆ ನೋಡಿಸಿ. ಸವೆತ ಅಲ್ಪವಾದರೆ ಹರಿದ ಲೇಬ್ರಮ್ಮನ್ನು (ಗುಳಿಯ ಅಂಚಿನ ಮೆದು ಉಂಗುರ) ಆಂಕರ್, ಅಂದರೆ ಮೂಳೆಗೆ ಕೂರಿಸುವ ದಾರವಿರುವ ಸಣ್ಣ ಮೊಳೆ, ಹಾಕಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಕನಿಷ್ಠ 3 ಆಂಕರ್. ಸುಮಾರು ಶೇ. 20 ದಾಟಿದರೆ ಬರೀ ಹೊಲಿಗೆ ನಿಲ್ಲುವುದು ಕಷ್ಟ. ಆಗ ಲಟಾರ್ಜೆ: ಕೊರಕಾಯ್ಡ್ ಮೂಳೆಯ (ಹೆಗಲ ಹಲಗೆಯಿಂದ ಮುಂದಕ್ಕೆ ಚಾಚಿದ ಭಾಗ) ತುದಿಯನ್ನು ಕತ್ತರಿಸಿ ಗುಳಿಯ ಮುಂದಂಚಿಗೆ ಸ್ಕ್ರೂ ಮಾಡುತ್ತಾರೆ.

ಉತ್ತರ 2: ಸ್ಲಿಂಗ್ ಸಾಮಾನ್ಯವಾಗಿ 4–6 ವಾರ. ಬೆರಳು, ಮಣಿಕಟ್ಟು ಮೊದಲ ದಿನದಿಂದಲೇ ಆಡಿಸಿ. ಕೈಯನ್ನು ಪಕ್ಕಕ್ಕೆತ್ತಿ ಹೊರಕ್ಕೆ ತಿರುಗಿಸುವ ಭಂಗಿ, ಅಂದರೆ ಚೆಂಡೆಸೆಯುವ ಭಂಗಿ, ಸುಮಾರು 12 ವಾರ ಬೇಡ. ಹೊಲಿಗೆಗೆ ಎಳೆತ ಬೀಳುವುದೇ ಅಲ್ಲಿ.

ಉತ್ತರ 3: ನೋವು ಹೋಯಿತೆಂದು ಸ್ಲಿಂಗ್ ಬಿಸಾಡಬೇಡಿ, ನೋವು ಬೇಗ ಇಳಿಯುತ್ತದೆ, ಅಂಗಾಂಶ ನಿಧಾನವಾಗಿ ಕೂಡುತ್ತದೆ. ಮೈತಾಗುವ ಆಟಕ್ಕೆ ಸುಮಾರು 6 ತಿಂಗಳು, ಅದೂ ಎರಡೂ ಭುಜಗಳ ಬಲ ಅಳೆದ ಮೇಲೆ.